ಅಂಗಡಿ ಬಿಲ್ಲಿಂಗ್‌ಗೆ ಪೈಥಾನ್ ಸಾಕಾ, ಸಿ ಶಾರ್ಪ್ ಕಲೀಬೇಕಾ?

ಪ್ರಶ್ನೆ: ನಮಸ್ಕಾರ ಮೇಡಂ. ಬಿಸಿಎ ಕೊನೇ ವರ್ಷ, ಪೈಥಾನ್ ಬರುತ್ತೆ. ಮಾವನ ಹಾರ್ಡ್‌ವೇರ್ ಅಂಗಡಿಗೆ ಬಿಲ್ಲಿಂಗ್ ಪ್ರೋಗ್ರಾಂ ಮಾಡಿಕೊಡಬೇಕು. ಅಲ್ಲಿರೋದು ವಿಂಡೋಸ್ 7, 2 ಜಿಬಿ ರ‍್ಯಾಮ್, ನೆಟ್ ಇಲ್ಲ. ಸಾಮಾನಿನ ಹೆಸರು, ಬಿಲ್ಲು ಎರಡೂ ಕನ್ನಡದಲ್ಲೇ ಬೇಕಂತೆ. ಫ್ರೆಂಡ್ಸ್ ಎಲೆಕ್ಟ್ರಾನ್ (ವೆಬ್ ಪುಟದ ಥರಾನೇ ಡೆಸ್ಕ್‌ಟಾಪ್ ಆ್ಯಪ್ ಮಾಡೋ ಸಾಧನ) ಅಂತಾರೆ. ಯಾವುದು ಹಿಡೀಲಿ?

ಉತ್ತರ: ಎಲೆಕ್ಟ್ರಾನ್ ಬೇಡ. ಅದರಲ್ಲಿ ಮಾಡಿದ ಒಂದೊಂದು ಆ್ಯಪ್ ಜೊತೆಗೂ ಇಡೀ ಕ್ರೋಮಿಯಂ ಬ್ರೌಸರ್ ಬರುತ್ತೆ, 2 ಜಿಬಿ ಮಷೀನ್ ಏದುಸಿರು ಬಿಡುತ್ತೆ. ಸಾಲದ್ದಕ್ಕೆ 23ನೇ ಆವೃತ್ತಿಯಿಂದ ವಿಂಡೋಸ್ 7ಕ್ಕೆ ಬೆಂಬಲವೇ ಇಲ್ಲ. ವಿಂಡೋಸ್ 7ಕ್ಕೆ ಪೈಥಾನ್ ಕೂಡ 3.8ನೇ ಆವೃತ್ತಿಗೇ ನಿಂತಿತು. ವಿಂಡೋ, ಬಟನ್ ಮಾಡೋ ಕ್ಯೂಟಿ ಲೈಬ್ರರಿಯ 6ನೇ ಆವೃತ್ತಿಗೆ ವಿಂಡೋಸ್ 10 ಬೇಕು, ಹಾಗಾಗಿ ಅದನ್ನ ಪೈಥಾನ್‌ನಿಂದ ಬಳಸೋ ಪೈಸೈಡ್6 ಆಗಲ್ಲ.

ಸಿ ಶಾರ್ಪ್ ಕಲೀರಿ. ಪರದೆ ಮಾಡೋಕೆ ವಿನ್‌ಫಾರ್ಮ್ಸ್, ಪ್ರೋಗ್ರಾಂ ನಡೆಸೋಕೆ ಮೈಕ್ರೋಸಾಫ್ಟ್‌ನ ಡಾಟ್‌ನೆಟ್ ಫ್ರೇಮ್‌ವರ್ಕ್ 4.8 ಸಾಕು. ವಿನ್‌ಫಾರ್ಮ್ಸ್ 2002ರ ಹಳೇ ಸರಕು ಅಂತ ಮೂಗು ಮುರೀಬೇಡಿ. ಸರ್ವಿಸ್ ಪ್ಯಾಕ್ 1 (ಮೈಕ್ರೋಸಾಫ್ಟ್‌ನ ಅಪ್‌ಡೇಟ್ ಕಟ್ಟು) ಹಾಕಿರೋ ವಿಂಡೋಸ್ 7ರಲ್ಲಿ ನಡೆಯುತ್ತೆ, ಮಾವ ಹೊಸ ಕಂಪ್ಯೂಟರ್ ತಂದರೆ ವಿಂಡೋಸ್ 11ರಲ್ಲೂ ನಡೆಯುತ್ತೆ. ನಿಮ್ಮ ಲ್ಯಾಪ್‌ಟಾಪ್‌ಗೆ ಕೋಡ್ ಬರೆಯೋಕೆ ವಿಷುಯಲ್ ಸ್ಟುಡಿಯೋ ಕಮ್ಯುನಿಟಿ ಹಾಕ್ಕೊಳ್ಳಿ, ಉಚಿತ. ಬಟನ್, ಗ್ರಿಡ್ ಎಲ್ಲ ಎಳೆದು ಕೂರಿಸಬಹುದು. ಡೇಟಾಗೆ ಎಸ್‌ಕ್ಯೂಲೈಟ್ ಅನ್ನೋ ಪುಟ್ಟ ಡೇಟಾಬೇಸ್: ಎಲ್ಲ ಒಂದೇ ಫೈಲ್‌ನಲ್ಲಿ. ರಾತ್ರಿ ಪ್ರೋಗ್ರಾಂ ಮುಚ್ಚಿ, ಆ ಫೈಲನ್ನ ಪೆನ್‌ಡ್ರೈವ್‌ಗೆ ಕಾಪಿ ಮಾಡಿದರೆ ಬ್ಯಾಕಪ್ ಆಯ್ತು.

ವಿಂಡೋಸ್ 7ಕ್ಕೆ ಸಾಮಾನ್ಯ ಭದ್ರತಾ ಅಪ್‌ಡೇಟ್ 2020ರ ಜನವರಿಗೇ ನಿಂತಿದೆ. ಆ ಮಷೀನ್‌ಗೆ ನೆಟ್ ಕೊಡಲೇಬೇಡಿ.

ಇನ್ನೊಬ್ಬ ಸದಸ್ಯರು: ವಿಂಡೋ, ಬಟನ್ ಮಾಡೋ ಟಿಕಿಂಟರ್ ಪೈಥಾನ್ ಜೊತೇಲೇ ಬರುತ್ತಲ್ಲ? ನಾನು ಉಬುಂಟುನಲ್ಲಿ ಅದನ್ನೇ ಬಳಸ್ತೀನಿ.

ಉತ್ತರ: ಇಂಗ್ಲಿಷ್‌ಗೆ ಸರಿ. ಆದರೆ ಉಬುಂಟು ಥರದ ಲಿನಕ್ಸ್‌ನಲ್ಲಿ, ಟಿಕಿಂಟರ್ ಹಿಂದಿರೋ ಟಿಕೆ 8.6ರ ಲೇಬಲ್ ಮೇಲೆ "ಸುತ್ತಿಗೆ" ಅಂತ ಹಾಕಿ ನೋಡಿ. ತ-ಕಾರದ ಒತ್ತು ಕೆಳಗೆ ಕೂರೋದಿಲ್ಲ, ಅಕ್ಷರ ಬಿಡಿಬಿಡಿಯಾಗಿ ನಿಲ್ಲುತ್ತೆ. ಅಕ್ಷರ ಜೋಡಿಸೋ ಕೆಲಸವನ್ನ ಅದು ಅಲ್ಲಿ ಮಾಡೋದೇ ಇಲ್ಲ. ಕ್ಯೂಟಿಯಲ್ಲಿ ಆ ಕೆಲಸ ಮಾಡೋ ಹಾರ್ಫ್‌ಬಜ್ ಇರೋದರಿಂದ ಒತ್ತಕ್ಷರ ಸರಿಯಾಗಿ ಬರುತ್ತೆ. ಲಿನಕ್ಸ್‌ನಲ್ಲಿ ಕನ್ನಡ ಬೇಕಿದ್ದರೆ ಪೈಸೈಡ್ ಹಿಡೀರಿ.

ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಬಿಲ್ಲಿಗೆ ಥರ್ಮಲ್ ಪ್ರಿಂಟರ್ ಇದೆ. ಕನ್ನಡ ಬರುತ್ತಾ?

ಉತ್ತರ: ಹೆಚ್ಚಿನ ಥರ್ಮಲ್ ಪ್ರಿಂಟರ್‌ಗಳ ಒಳಗೆ ಕನ್ನಡ ಅಕ್ಷರ ಇರೋದಿಲ್ಲ. ಪಠ್ಯವನ್ನ ನೇರವಾಗಿ ಕಳಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳೋ ಕಸವೋ ಬರುತ್ತೆ. ಪ್ರಿಂಟರ್‌ನ ವಿಂಡೋಸ್ ಡ್ರೈವರ್ ಹಾಕಿ, ಡಾಟ್‌ನೆಟ್‌ನಲ್ಲಿ ಮುದ್ರಣಕ್ಕಿರೋ ಪ್ರಿಂಟ್‌ಡಾಕ್ಯುಮೆಂಟ್ ಮೂಲಕ ಬಿಲ್ಲನ್ನ ಚಿತ್ರದ ಹಾಗೆ ಬರೆಸಿ. ಫಾಂಟ್ ವಿಂಡೋಸ್ 7ರಲ್ಲಿ ತುಂಗಾ, 8ರಿಂದೀಚೆಗೆ ನಿರ್ಮಲಾ ಯುಐ. ಎರಡರಲ್ಲಿ ಯಾವುದಿದೆ ಅಂತ ಕೋಡ್‌ನಲ್ಲೇ ನೋಡ್ಕೊಳ್ಳಿ. ಬೇರೆ ಏನೂ ಬರೆಯೋ ಮೊದಲು "ಸುತ್ತಿಗೆ", "ಸ್ಕ್ರೂ" ಎರಡೇ ಸಾಲಿನ ಬಿಲ್ಲು ಮಾವನ ಪ್ರಿಂಟರ್‌ನಲ್ಲಿ ತೆಗೆದು ಫೋಟೋ ಇಲ್ಲಿ ಹಾಕಿ, ನೋಡಿ ಹೇಳ್ತೀನಿ.