ಅಪ್‌ಡೇಟ್: ಕಿಡ್ನಿ ತುಂಬ ಹೊಳೆದ ಓಎಲ್‌ಎಫ್‌ಆರ್78 ಆಂಟಿಬಾಡಿ

ಇಲಿಯ ಕಿಡ್ನಿಯಲ್ಲಿ ವಾಸನೆ ಗ್ರಹಿಸುವ ಓಎಲ್‌ಎಫ್‌ಆರ್78 ರಿಸೆಪ್ಟರ್ ಹುಡುಕುತ್ತಿದ್ದೇನೆ, ಅದಕ್ಕೆ ಅಂಟಿ ಹೊಳೆಯಬೇಕಾದ ಆಂಟಿಬಾಡಿ ಹಾಕಿದರೆ ಟ್ಯೂಬ್ಯೂಲ್‌ಗಳೆಲ್ಲ (ಮೂತ್ರ ತಯಾರಾಗುವ ಸಣ್ಣ ಕೊಳವೆಗಳು) ಹೊಳೆಯುತ್ತಿವೆ, ನಂಬಬಹುದಾ ಅಂತ ಕೇಳಿದ್ದೆ. ನಂಬೋ ಹಾಗಿಲ್ಲ.

ಆಂಟಿಬಾಡಿ ತಯಾರಿಸಲು ಬಳಸಿದ ಪೆಪ್ಟೈಡ್ (ರಿಸೆಪ್ಟರಿನ ಒಂದು ತುಣುಕು) ಸೇರಿಸಿದಾಗ ಹೊಳಪು ಮಾಯವಾಯಿತು. ನಮ್ಮ ಸರ್‌ಗೆ ಖುಷಿಯೋ ಖುಷಿ. ಆದರೆ ನಿಮ್ಮಲ್ಲಿ ಕೆಲವರು ಎಚ್ಚರಿಸಿದ್ದು ಸರಿ: ಬೇರೆ ಪ್ರೋಟೀನಿಗೆ ಅಂಟುವ ಆಂಟಿಬಾಡಿಯೂ ತನ್ನ ಪೆಪ್ಟೈಡ್ ಸಿಕ್ಕರೆ ಅದಕ್ಕೇ ಅಂಟಿಕೊಂಡು ಕೂರುತ್ತದೆ. ಲ್ಯಾಬಿನಲ್ಲಿ ಬೆಳೆಸುವ ಎಚ್‌ಇಕೆ293 ಕೋಶಗಳಲ್ಲಿ ಫ್ಲ್ಯಾಗ್ ಟ್ಯಾಗ್ (ಗುರುತಿಸಲು ಜೋಡಿಸುವ ಸಣ್ಣ ತುಣುಕು) ಹಾಕಿ ರಿಸೆಪ್ಟರ್ ತಯಾರಿಸಿದಾಗಲೂ ಅದನ್ನು ಸರಿಯಾಗಿಯೇ ಹಿಡಿಯಿತು. ಅಲ್ಲಿ ಪ್ರೋಟೀನ್ ರಾಶಿ ರಾಶಿ ಇರುತ್ತದೆ, ಹಿಡಿಯದೆ ಏನು ಮಾಡೀತು!

ಕೊನೆಗೆ ಬೇರೆ ಲ್ಯಾಬಿನವರು ನಾಕ್‌ಔಟ್ ಇಲಿಯ (ಈ ರಿಸೆಪ್ಟರಿನ ಜೀನ್ ತೆಗೆದ ಇಲಿ) ಕಿಡ್ನಿಯ ತೆಳು ಸೆಕ್ಷನ್ ಕೊಟ್ಟರು. ಜೀನೇ ಇಲ್ಲದ ಕಿಡ್ನಿಯಲ್ಲೂ ಅವೇ ಟ್ಯೂಬ್ಯೂಲ್, ಅದೇ ಹೊಳಪು. ಕಥೆ ಅಲ್ಲಿಗೆ ಮುಗಿಯಿತು.

ಈ ಇಲಿಯಲ್ಲಿ ಜೀನ್ ಜಾಗಕ್ಕೆ ಲ್ಯಾಕ್‌ಝಡ್ ಎಂಬ ಗುರುತಿನ ಜೀನ್ ಕೂರಿಸಿರುವುದರಿಂದ, ಎಕ್ಸ್‌-ಗ್ಯಾಲ್ ಎಂಬ ರಾಸಾಯನಿಕ ಹಾಕಿದರೆ ಜೀನ್ ಚಾಲೂ ಇರುವ ಕೋಶ ಮಾತ್ರ ನೀಲಿಯಾಗುತ್ತದೆ. ನೀಲಿ ಬಂದದ್ದು ಟ್ಯೂಬ್ಯೂಲ್‌ನಲ್ಲಲ್ಲ. ರಕ್ತ ಸೋಸುವ ಗ್ಲೊಮೆರುಲಸ್‌ಗೆ ರಕ್ತ ತರುವ ಸಣ್ಣ ಅಪಧಮನಿಯಲ್ಲಿ, ರಕ್ತದೊತ್ತಡ ಏರಿಸಲು ನೆರವಾಗುವ ರೆನಿನ್ ಸ್ರವಿಸುವ ಕೋಶಗಳಿರುವ ಕಡೆ. ಅಸಿಟೇಟ್, ಪ್ರೊಪಿಯೊನೇಟ್ ಗುರುತಿಸುವ ಈ ರಿಸೆಪ್ಟರ್‌ಗೂ ರಕ್ತದೊತ್ತಡಕ್ಕೂ ನಂಟು ತೋರಿಸಿದ 2013ರ ಪ್ರಬಂಧದಲ್ಲೂ ಜಾಗ ಇದೇ.

ಇಲಿಯಲ್ಲಿ ಇಂಥ ರಿಸೆಪ್ಟರ್ ಜೀನ್‌ಗಳು ಸಾವಿರಕ್ಕೂ ಹೆಚ್ಚು, ಒಂದಕ್ಕೊಂದು ಹೋಲುವಂಥವು. ಮೂಗಿನಾಚೆ ಅವುಗಳ ಪ್ರಮಾಣವೂ ಕಡಿಮೆ. ಹಾಗಾಗಿ ಸದ್ಯ ಪ್ರೋಟೀನ್ ಬದಲು ಜೀನಿನ ಆರ್‌ಎನ್‌ಎಯನ್ನೇ ಹುಡುಕುವ ಆರ್‌ಎನ್‌ಎಸ್ಕೋಪ್ ಪ್ರೋಬ್ ಆರ್ಡರ್ ಮಾಡಿದ್ದೇನೆ, ಪಾಸಿಟಿವ್ ಕಂಟ್ರೋಲ್‌ಗೆ (ಖಂಡಿತ ಸಿಗಬೇಕಾದ ಜಾಗ) ಮೂಗಿನ ಎಪಿಥೀಲಿಯಂ, ಅಂದರೆ ಒಳಪದರ. ಉಳಿದ ಆಂಟಿಬಾಡಿ ಕೇಳಿದವರೇ, ದಯವಿಟ್ಟು ಬೇಡ.