ಒಂದೇ ಕೊರಡಿನ ಗೆದ್ದಲು ಮತ್ತು ಅಣಬೆ ಜೀರುಂಡೆ: ವ್ಯತ್ಯಾಸವೇನು?

ಪ್ರಶ್ನೆ (ಸಂಡೂರು)
ಎಲ್ಲರಿಗೂ ನಮಸ್ಕಾರ. ಮಳೆ ಬಿಟ್ಟ ಮೇಲೆ ಇಲ್ಲಿನ ಕಾಡಿನಲ್ಲಿ ಬಿದ್ದಿದ್ದ ಕೊರಡೊಂದನ್ನು ಹೊರಳಿಸಿದಾಗ ತಳಕ್ಕೆಲ್ಲ ಗೆದ್ದಲು ಮಣ್ಣು ಮೆತ್ತಿತ್ತು. ಮೇಲೆ ತೊಗಟೆಗೆ ಅಂಟಿ ಬೆಳೆದಿದ್ದ ಗಟ್ಟಿ ಅಣಬೆಯನ್ನು ಮುರಿದರೆ ಒಳಗೆ ತೂತುಗಳು, ಕಂದು ಹುಡಿ, ಸಾಸಿವೆ ಕಾಳಿನಷ್ಟು ಜೀರುಂಡೆಗಳು. ಎರಡೂ ಒಂದೇ ಆಹಾರವನ್ನು ತಿನ್ನುತ್ತವೆಯೇ? ಈ ಜೀರುಂಡೆ ಮನೆಯ ಬಾಗಿಲು, ತೊಲೆಗಳಿಗೂ ಹಿಡಿಯಬಹುದೇ?

ಉತ್ತರ (ಗಂಗಾವತಿ)
ಎರಡೂ ಶಿಲೀಂಧ್ರವನ್ನೇ ನೆಚ್ಚಿರಬಹುದು, ಆದರೆ ನೆಚ್ಚಿದ ರೀತಿ ಬೇರೆ. ನನ್ನ ದೃಷ್ಟಿಯಲ್ಲಿ ಮುಖ್ಯ ವ್ಯತ್ಯಾಸ ಇದೇ. ನಮ್ಮ ಕಡೆ ಹುತ್ತ ಕಟ್ಟುವ ಒಡಾಂಟೊಟರ್ಮಿಸ್ ಗೆದ್ದಲು ತನ್ನ ಆಹಾರವನ್ನು ತಾನೇ ಬೆಳೆಯುತ್ತದೆ. ಕೆಲಸಗಾರ ಹುಳುಗಳು ಒಣ ಕಟ್ಟಿಗೆ, ತರಗೆಲೆಗಳನ್ನು ಟರ್ಮಿಟೊಮೈಸಿಸ್ ಎಂಬ ಶಿಲೀಂಧ್ರದ ಬೀಜಕಗಳೊಂದಿಗೆ ನುಂಗಿ, ಪೂರ್ತಿ ಅರಗುವ ಮೊದಲೇ ಹಿಕ್ಕೆಯಾಗಿ ಹಾಕಿ, ಅದರಿಂದಲೇ ಹುತ್ತದೊಳಗೆ ಅಣಬೆ ತೋಟವನ್ನು ಕಟ್ಟುತ್ತವೆ. ಕಟ್ಟಿಗೆ, ಎಲೆಗಳಲ್ಲಿರುವ, ಸುಲಭಕ್ಕೆ ಅರಗದ ಲಿಗ್ನಿನ್ ಮತ್ತು ಸೆಲ್ಯುಲೋಸ್ ಎಂಬ ನಾರಿನಂಶಗಳನ್ನು ಶಿಲೀಂಧ್ರ ಒಡೆದು ಮೆತ್ತಗೆ ಮಾಡಿದ ಮೇಲೆ ಆ ಹಳೆಯ ತೋಟವೇ ಗೆದ್ದಲಿನ ಊಟ. ಮಳೆಗಾಲದಲ್ಲಿ ಹುತ್ತದ ಮೇಲೆ ಏಳುವ, ನಾವು ಸಾರು ಮಾಡಿ ಉಣ್ಣುವ ಅಣಬೆಯೂ ಇದರದ್ದೇ.

ಉತ್ತರ (ಸಿಂಧನೂರು)
ನಿಮ್ಮ ವಿವರಣೆ ಸೀಯಿಡೀ ಕುಟುಂಬದ ಜೀರುಂಡೆಗಳಿಗೆ ಹೊಂದುತ್ತದೆ. ಭೂತಗನ್ನಡಿಯಲ್ಲಿ ತಲೆಯನ್ನು ನೋಡಿ; ಈ ಕುಟುಂಬದ ಎಷ್ಟೋ ಜಾತಿಗಳಲ್ಲಿ ಗಂಡಿಗೆ ಪುಟ್ಟ ಕೊಂಬುಗಳಿರುತ್ತವೆ. ಇವು ಏನನ್ನೂ ಬೆಳೆಸುವುದಿಲ್ಲ. ತಾನಾಗಿ ಬೆಳೆದ ಅಣಬೆಯಲ್ಲಿ ಮೊಟ್ಟೆಯಿಡುತ್ತವೆ. ಮರಿಹುಳು ಅದನ್ನೇ ಕೊರೆದು ತಿಂದು, ಅಲ್ಲಿಯೇ ಕೋಶಾವಸ್ಥೆಯನ್ನು ಕಳೆದು ಜೀರುಂಡೆಯಾಗುತ್ತದೆ, ಹೀಗೆ ಒಂದೇ ಅಣಬೆಯಲ್ಲಿ ಹಲವು ಪೀಳಿಗೆಗಳು ಬಾಳಬಹುದು. ಜಿರಲೆಗಳ ವಂಶಕ್ಕೆ ಸೇರಿದ ಗೆದ್ದಲಿಗೆ ಕೋಶಾವಸ್ಥೆಯೇ ಇಲ್ಲ. ಮೊಟ್ಟೆಯೊಡೆದು ಬಂದ ಮರಿ ಪೊರೆ ಕಳಚುತ್ತಲೇ ದೊಡ್ಡದಾಗುತ್ತದೆ. ರಾಣಿ, ಸೈನಿಕ, ಕೆಲಸಗಾರ ಎಂಬ ವಿಂಗಡಣೆಯೂ ಈ ಜೀರುಂಡೆಗಳಲ್ಲಿಲ್ಲ.

ಬಾಗಿಲಿನ ಬಗ್ಗೆ ಆತಂಕ ಬೇಡ. ಅಣಬೆ ಹಿಡಿಯದ ಒಣ ಮರದಲ್ಲಿ ಇವಕ್ಕೆ ಆಹಾರವೇ ಇಲ್ಲ. ಕಾಯಬೇಕಾದದ್ದು ಗೆದ್ದಲನ್ನು: ಗೋಡೆಯ ಬುಡದಲ್ಲಿ ಮಣ್ಣಿನ ಸುರಂಗ ಏಳುತ್ತಿದೆಯೇ ಎಂದು ಆಗಾಗ ನೋಡಿಕೊಳ್ಳಿ.

ಪ್ರಶ್ನೆ ಕೇಳಿದವರು
ಇಬ್ಬರಿಗೂ ಧನ್ಯವಾದಗಳು. ಹಾಗಾದರೆ ಆ ಕೊರಡನ್ನು ಸುಟ್ಟುಬಿಡುವುದು ಒಳ್ಳೆಯದೇ?

ಉತ್ತರ (ಗಂಗಾವತಿ)
ದಯವಿಟ್ಟು ಸುಡಬೇಡಿ. ಕಾಡಿನ ಕೊರಡು ಕಾಡಿನಲ್ಲೇ ಮಣ್ಣಾಗಲಿ. ಹತ್ತಿರದ ದರೋಜಿಯಲ್ಲಿರುವ ಕರಡಿಗಳಿಗೆ ಗೆದ್ದಲು ಮುಖ್ಯ ಆಹಾರಗಳಲ್ಲೊಂದು. ಅಣಬೆಯಿದ್ದ ಜಾಗವನ್ನು ಮೊದಲಿದ್ದಂತೆಯೇ ಮೇಲ್ಮುಖವಾಗಿರಿಸಿ ಕೊರಡನ್ನು ಅಲ್ಲಿಯೇ ಬಿಟ್ಟರೆ ಸಾಕು.