ಬಿಸಿಲು ಹಳೆಯದು, ಮಾತ್ರೆ ಹೊಸದು

ಮೂಡಿಗೆರೆ ಚಿಕ್ಕಪ್ಪ: ಮೇಲೆ ಹಾಕಿರುವ ಸಂದೇಶವನ್ನು ಎಲ್ಲರೂ ಓದಿ. ಬಿಪಿಗೆ ಕೊಡುವ ನೀರಿನ ಮಾತ್ರೆ ಬಿಸಿಲಿನಲ್ಲಿ ಚರ್ಮವನ್ನು ಸುಡುತ್ತದೆ, ಕ್ಯಾನ್ಸರನ್ನೂ ತರುತ್ತದೆ, ಆದ್ದರಿಂದ ಇಂದೇ ನಿಲ್ಲಿಸಿ ಎಂದು ಅದರಲ್ಲಿದೆ. ಕಾಫಿ ಕಣದಲ್ಲಿ ನಿಂತು ಬಂದ ಮೇಲೆ ನನ್ನ ತೋಳು ಹೇಗಾಗಿದೆ ಎಂಬ ಫೋಟೋವನ್ನೂ ಹಾಕಿದ್ದೇನೆ. ನಾಳೆಯಿಂದ ನಾನು ಆ ಮಾತ್ರೆ ನುಂಗುವುದಿಲ್ಲ.

ಬೇಲೂರಿನ ಅತ್ತೆ: ಇಂಥ ಸಂದೇಶಗಳನ್ನು ನಂಬಬೇಡ ತಮ್ಮಾ. ಮೂವತ್ತು ವರ್ಷ ಕಣದಲ್ಲಿ ನಿಂತವನಿಗೆ ಈ ಬಿಸಿಲೇನು ಹೊಸದೇ? ತೋಟದಲ್ಲಿ ಕಂಬಳಿಹುಳ ತಾಗಿರುತ್ತದೆ. ಹೊಟ್ಟೆಗೆ ಹೋಗುವ ಮಾತ್ರೆಗೂ ಕೈಮೇಲೆ ಬೀಳುವ ಬಿಸಿಲಿಗೂ ಎಲ್ಲಿಯ ಸಂಬಂಧ?

ನಾನು: ಸಂಬಂಧ ಇದೆ ಅತ್ತೆ. ನೀರಿನ ಮಾತ್ರೆಗಳಲ್ಲೊಂದಾದ ಹೈಡ್ರೋಕ್ಲೋರೋಥಯಾಜೈಡ್ ಎಂಬ ಮೂತ್ರವರ್ಧಕವು ರಕ್ತದ ಮೂಲಕ ಚರ್ಮಕ್ಕೂ ತಲುಪುತ್ತದೆ. ಬಿಸಿಲಿನ ನೇರಳಾತೀತ ಕಿರಣಗಳು ಬಿದ್ದಾಗ ಅಲ್ಲಿನ ಜೀವಕೋಶಗಳು ಬೇರೆ ದಿನಗಳಿಗಿಂತ ಬೇಗ ಸುಟ್ಟು ಕೆಂಪಾಗುತ್ತವೆ. ಚಿಕ್ಕಪ್ಪನಿಗೆ ಬಿಸಿಲು ಹಳೆಯದು ನಿಜ, ಆದರೆ ಮಾತ್ರೆ ಹೊಸದು. ಅದು ಶುರುವಾದದ್ದು ಕಳೆದ ಆಷಾಢದ ಮಳೆಯಲ್ಲಿ, ಸೂರ್ಯನ ಮುಖವೇ ಕಾಣದ ದಿನಗಳಲ್ಲಿ; ಈಗ ಹಣ್ಣು ಕೊಯ್ದು ಒಣಗಿಸುವ ಹೊತ್ತಿಗೆ ಅವರು ಮೊದಲ ಬಾರಿಗೆ ಆ ಮಾತ್ರೆಯೊಂದಿಗೆ ದಿನವಿಡೀ ಕಣದಲ್ಲಿ ನಿಂತಿದ್ದಾರೆ.

ಫೋಟೋವನ್ನು ದೊಡ್ಡದು ಮಾಡಿ ನೋಡಿ. ಅಂಗಿಯ ಮಡಚಿದ ತೋಳಿನ ಅಂಚಿಗೆ ಕೆಂಪು ನಿಂತಿದೆ, ಗಡಿಯಾರದ ಪಟ್ಟಿಯ ಕೆಳಗೆ ಚರ್ಮ ಎಂದಿನಂತಿದೆ. ಕಂಬಳಿಹುಳವಾಗಿದ್ದರೆ ಹೀಗೆ ಬಟ್ಟೆಯ ಗೆರೆ ಹಿಡಿದು ನಿಲ್ಲುತ್ತಿರಲಿಲ್ಲ.

ಮೂಡಿಗೆರೆ ಚಿಕ್ಕಪ್ಪ: ಹಾಗಾದರೆ ಸಂದೇಶ ಹೇಳಿದ್ದೇ ಸರಿಯಾಯಿತಲ್ಲ.

ನಾನು: ಅರ್ಧ ಮಾತ್ರ ಸರಿ ಚಿಕ್ಕಪ್ಪ, ಉಳಿದ ಅರ್ಧದ ಬಗ್ಗೆಯೇ ನನಗೆ ಭಯ. ಚರ್ಮದ ಕ್ಯಾನ್ಸರಿನ ಮಾತು ಡೆನ್ಮಾರ್ಕಿನ ಅಧ್ಯಯನಗಳಿಂದ ಎದ್ದದ್ದು. 2018ರಲ್ಲಿ ಯುರೋಪಿನ ಔಷಧ ಸಂಸ್ಥೆಯೂ 2020ರಲ್ಲಿ ಅಮೆರಿಕದ ಎಫ್‌ಡಿಎಯೂ ಎಚ್ಚರಿಕೆ ಕೊಟ್ಟವು. ಆದರೆ ಎಫ್‌ಡಿಎ ಲೆಕ್ಕದಲ್ಲಿ ಅದು ವರ್ಷಕ್ಕೆ ಸುಮಾರು 16,000 ರೋಗಿಗಳಲ್ಲಿ ಒಂದು ಹೆಚ್ಚುವರಿ ಪ್ರಕರಣ, ಅದೂ ಹೆಚ್ಚಾಗಿ ಬಿಳಿ ಚರ್ಮದವರಲ್ಲಿ. ಅವರು ಹೆಚ್ಚಿನ ಅಪಾಯವೆಂದು ಗುರುತಿಸಿದ ಒಟ್ಟು 50,000 ಮಿಲಿಗ್ರಾಂ ಮುಟ್ಟಲು ದಿನಕ್ಕೆ 12.5ರಂತೆ ಸುಮಾರು 11 ವರ್ಷ ಬೇಕು. ವೈದ್ಯರನ್ನು ಕೇಳದೆ ಮಾತ್ರೆ ಬಿಟ್ಟರೆ ಬಿಪಿ ಏರುವುದಕ್ಕೆ ಅಷ್ಟು ವರ್ಷ ಬೇಕಾಗಿಲ್ಲ. ಅಜ್ಜನಿಗೆ ಲಕ್ವ ಹೊಡೆದ ಬೆಳಗನ್ನು ನೀವೇ ಕಣ್ಣಾರೆ ಕಂಡವರು.

ಬೇಲೂರಿನ ಅತ್ತೆ: ಅದನ್ನು ನೆನಪಿಸಬೇಡ ಮಗಳೇ. ಸರಿ, ಈಗ ಅವನು ಮಾಡಬೇಕಾದದ್ದೇನು?

ನಾನು: ಮೊದಲು ಮಾತ್ರೆಯ ಪಟ್ಟಿಯ ಹಿಂಬದಿಯನ್ನು ಓದಬೇಕು. ಟೆಲ್ಮಿಸಾರ್ಟಾನ್ ಎಂಬ ಬಿಪಿ ಔಷಧದ ಜೊತೆಗೆ ಈ ಮೂತ್ರವರ್ಧಕವನ್ನು ಒಂದೇ ಮಾತ್ರೆಯಲ್ಲಿ ಸೇರಿಸಿದ್ದರೆ ಹೆಸರಿನ ಕೊನೆಗೆ ಸಾಮಾನ್ಯವಾಗಿ ‘ಎಚ್’ ಅಕ್ಷರ ಇರುತ್ತದೆ. ಇದೆಯೆಂದಾದರೆ ತೋಳನ್ನೂ ಪಟ್ಟಿಯನ್ನೂ ವೈದ್ಯರಿಗೆ ತೋರಿಸಿದರೆ ಬದಲಿ ಮಾತ್ರೆ ಸಿಗುತ್ತದೆ, ಅದಕ್ಕೇನೂ ಕೊರತೆಯಿಲ್ಲ. ಅಲ್ಲಿಯವರೆಗೆ ತುಂಬು ತೋಳಿನ ಅಂಗಿ, ಅಗಲ ಟೋಪಿ ಇರಲಿ, ಕಣದ ಕೆಲಸವನ್ನು ಬೇರೆಯವರಿಗೆ ಬಿಡಿ. ಜೀಪಿನ ಗಾಜು ಏರಿಸಿದರೆ ಸಾಕೆಂದುಕೊಳ್ಳಬೇಡಿ, ಆ ಕಿರಣಗಳಲ್ಲಿ ಒಂದು ಬಗೆ ಗಾಜನ್ನೂ ದಾಟುತ್ತದೆ.

ಮೂಡಿಗೆರೆ ಚಿಕ್ಕಪ್ಪ: ಪಟ್ಟಿ ನೋಡಿದೆ. ‘ಎಚ್’ ಇದೆ. ಇವತ್ತಿನ ಮಾತ್ರೆ ನುಂಗಿದ್ದೇನೆ. ನಾಳೆ ಬೆಳಗ್ಗೆ ಚಿಕ್ಕಮಗಳೂರಿಗೆ ಬರುತ್ತೇನೆ, ಡಾಕ್ಟರ ಹತ್ತಿರ ನೀನೂ ಜೊತೆಗೆ ಬಾ.